ಕಾದುವ ಟ್ಯಾಂಕೋ, ಕಳಚಿದ ಟ್ಯಾಂಕೋ?

ಯುದ್ಧಗಳ ನೆನಪನ್ನು ಪ್ರತಿಕೃತಿಗಳ ಮೂಲಕ ಮುಂದಿನ ತಲೆಮಾರಿಗೆ ತೋರಿಸಬೇಕೆಂಬ ಅಭಿಲಾಷೆಯು ನಮ್ಮ ಪಾಠಶಾಲೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಹವ್ಯಾಸಿ ತರುಣರಲ್ಲಿಯೂ ತಲೆದೋರಿರುವುದು ಶ್ಲಾಘ್ಯವಾದ ಸಂಗತಿಯೇ ಸರಿ. ಆದರೆ ಈ ಅಭಿಲಾಷೆಯು ಕೈಗೂಡಿದೆಡೆಯಲ್ಲಿ ನಾವು ಸಾಮಾನ್ಯವಾಗಿ ಕಾಣುವುದೇನು? ಬಣ್ಣ ಬಳಿದು ಹೊಳೆಯುವ ಒಂದು ಟ್ಯಾಂಕು, ಎತ್ತಿ ಗುರಿಯಿಟ್ಟ ಅದರ ಫಿರಂಗಿ, ಮೇಲೊಂದು ಬಾವುಟ, ಪಕ್ಕದಲ್ಲಿ ಕೈಬೀಸುತ್ತಿರುವ ಒಬ್ಬ ವೀರ. ಇಷ್ಟಕ್ಕೆ ಯುದ್ಧವೆಂದು ಹೆಸರಿಟ್ಟು ಗಾಜಿನ ಪೆಟ್ಟಿಗೆಯೊಳಗೆ ಬೀಗ ಹಾಕಿಬಿಡುತ್ತಾರೆ. ನೋಡಿದ ಬಾಲಕನು ಅದರಿಂದ ಕಲಿಯುವುದು ಬೊಂಬೆಯಂಗಡಿಯಲ್ಲಿ ಕಲಿಯುವುದಕ್ಕಿಂತ ಹೆಚ್ಚಿನದಲ್ಲ. ಒಂದು ಊರು ಒಂದೇ ಒಂದು ಟ್ಯಾಂಕಿನ ಪ್ರತಿಕೃತಿಯನ್ನು ಮಾಡಿಸಬಲ್ಲುದಾದರೆ, ಅದು ಕಾದುವ ಟ್ಯಾಂಕಾಗಿರದೆ, ರಣಭೂಮಿಯಲ್ಲಿ ಕಳಚಿ ನಿಂತು ದುರಸ್ತಿಗೊಳ್ಳುತ್ತಿರುವ ಟ್ಯಾಂಕಾಗಿರಲಿ ಎಂಬುದು ನಮ್ಮ ಅಭಿಪ್ರಾಯ. ಅದರ ಯೋಜನೆಯು ಅಂಟಿನ ಸೀಸೆಯ ಮುಚ್ಚಳ ತೆಗೆಯುವುದಕ್ಕೆ ಮೊದಲೇ ಕಾಗದದ ಮೇಲೆ ಮುಗಿದಿರಲಿ ಎಂಬುದು ಅದಕ್ಕೆ ಸೇರಿದ ಎರಡನೆಯ ಮಾತು.

ಡಯೋರಾಮಾ ಎಂದು ಇಂದು ಕರೆಯುವ ಈ ದೃಶ್ಯ-ಪ್ರತಿಕೃತಿಯ ಹೆಸರು ಪರದೇಶದ್ದು. 1822ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೆರ್ ಎಂಬಾತನು ದೊಡ್ಡ ಪರದೆಯ ಮೇಲೆ ಚಿತ್ರ ಬರೆದು, ಬೆಳಕನ್ನು ಬದಲಾಯಿಸಿ ಜನರಿಗೆ ತೋರಿಸಿದ ಪ್ರದರ್ಶನಕ್ಕೆ ಮೊದಲು ಆ ಹೆಸರಿತ್ತು. ಕಾಲಕ್ರಮದಲ್ಲಿ ಅದು ಚಿಕ್ಕ ಪ್ರಮಾಣದಲ್ಲಿ ಕಟ್ಟಿದ ದೃಶ್ಯಗಳಿಗೆ ಸಂದಿತು. ಹೆಸರು ಹೊರಗಿನದಾದರೂ ಕಸುಬು ನಮಗೆ ಹೊಸದಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಮರಳು ಹಾಸಿ, ರಾಗಿಯ ಪೈರು ಬೆಳೆಸಿ, ಕನ್ನಡಿಯ ಚೂರಿನಿಂದ ಕೊಳ ಮಾಡಿ, ಮದುವೆಯ ದಿಬ್ಬಣವನ್ನೋ ಸಂತೆಯನ್ನೋ ಜೋಡಿಸುವ ಹೆಂಗಸರು ಈ ವಿದ್ಯೆಯನ್ನು ಪುಸ್ತಕವಿಲ್ಲದೆ ಬಲ್ಲರು. ಯಾವ ಬೊಂಬೆ ಯಾವುದರ ಕಡೆಗೆ ಮುಖ ಮಾಡಬೇಕು, ನೋಡುವವರ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೊಸದಾದುದು ಅಳತೆಯ ನಿಷ್ಠೆಯೊಂದೇ. ಟ್ಯಾಂಕು ಪ್ರತಿಕೃತಿಗಳಲ್ಲಿ ಈಗ ಲೋಕವೆಲ್ಲ ಬಳಸುವುದು ಮೂವತ್ತೈದರಲ್ಲೊಂದು ಎಂಬ ಪ್ರಮಾಣ. ಇದು ಶಾಸ್ತ್ರವಿಚಾರದಿಂದ ಹುಟ್ಟಿದ್ದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಕಂಪನಿಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಆಟಿಕೆಯನ್ನು ತಯಾರಿಸುವಾಗ, ಒಳಗೆ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸುವಂತೆ ಮಾಡಿದುದರಿಂದ ಆ ಗಾತ್ರವು ಬಂದಿತು. ಬ್ಯಾಟರಿಯ ಅನುಕೂಲಕ್ಕಾಗಿ ಹುಟ್ಟಿದ ಅಳತೆಯೇ ಇಂದು ಎಲ್ಲರೂ ಒಪ್ಪಿದ ಅಳತೆಯಾಗಿದೆ.

ಇನ್ನು ಟ್ಯಾಂಕಿನ ವಿಚಾರ. ಈ ಯಂತ್ರದ ಗುಟ್ಟು ಹೊರಬೀಳಬಾರದೆಂದು ಇಂಗ್ಲಿಷರು ನೀರಿನ ತೊಟ್ಟಿಯ ಹೆಸರನ್ನು ಅದಕ್ಕೆ ಅಂಟಿಸಿದರು. ಆ ಹೆಸರೇ ಉಳಿಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅದು ಮೊತ್ತಮೊದಲು ಯುದ್ಧಕ್ಕಿಳಿದಾಗ, ಸಿದ್ಧಪಡಿಸಿದ್ದ 49 ಟ್ಯಾಂಕುಗಳಲ್ಲಿ ಹಲವು ಕೆಟ್ಟುನಿಂತೋ ಹೂತುಹೋಗಿಯೋ ಹೊರಡಬೇಕಾದ ಸ್ಥಳವನ್ನೇ ಮುಟ್ಟಲಿಲ್ಲ. ಅಂದರೆ ಟ್ಯಾಂಕು ಹುಟ್ಟಿದ ದಿನವೇ ಅದರ ದುರಸ್ತಿಗಾರನೂ ಹುಟ್ಟಿದನು. 1943ರ ಜುಲೈಯಲ್ಲಿ ರಷ್ಯದ ಕುರ್ಸ್ಕ್ ಎಂಬಲ್ಲಿ ಜರ್ಮನರು ಸುಮಾರು 200 ಹೊಸ ಪ್ಯಾಂಥರುಗಳನ್ನು ನೆಚ್ಚಿಕೊಂಡು ನುಗ್ಗಿದರು. ಅವುಗಳಲ್ಲಿ ಬಹಳಷ್ಟು ಶತ್ರುವಿನ ಗುಂಡಿಗೆ ಮೊದಲೇ ಎಂಜಿನಿನ ಬೆಂಕಿಗೂ ಯಂತ್ರದೋಷಗಳಿಗೂ ಬಲಿಯಾದುವು. ಟ್ಯಾಂಕುಗಳ ಚರಿತ್ರೆಯನ್ನು ಓಡಿದ ಮೈಲಿಗಳಿಂದ ಅಳೆಯುವವರು, ನಿಂತ ಗಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ?

ಕೆಟ್ಟ ಯಂತ್ರವನ್ನು ಬಯಲಿನಲ್ಲಿ ಎಷ್ಟು ಬೇಗ ಎಬ್ಬಿಸಬಹುದು ಎಂಬುದರಲ್ಲಿಯೇ ಯಂತ್ರದ ಗುಣವೂ ಅದನ್ನು ಮಾಡಿದವರ ಬುದ್ಧಿಯೂ ಬಯಲಾಗುತ್ತವೆ. ಅಮೆರಿಕದ ಶರ್ಮನ್ ಟ್ಯಾಂಕಿನಲ್ಲಿ ಶಕ್ತಿಯನ್ನು ಚಕ್ರಗಳಿಗೆ ಸಾಗಿಸುವ ಗೇರುಗಳು ಮುಂಭಾಗದಲ್ಲಿದ್ದು, ಅವುಗಳನ್ನು ಮುಚ್ಚಿದ ಮೂತಿಯ ಕವಚವನ್ನು ಬೋಲ್ಟುಗಳಿಂದ ಬಿಗಿಯಲಾಗಿತ್ತು. ಬೋಲ್ಟುಗಳನ್ನು ಬಿಚ್ಚಿದರೆ ಮೂತಿಯೇ ಕಳಚಿ ಹೊರಬರುತ್ತಿತ್ತು. ಪ್ಯಾಂಥರಿನಲ್ಲಿಯಾದರೋ ಗೇರು ಪೆಟ್ಟಿಗೆಯನ್ನು ತೆಗೆಯಬೇಕಾದರೆ ಚಾಲಕನ ತಲೆಯ ಮೇಲಿನ ಚಾವಣಿಯನ್ನೇ ಕಳಚಿ, ಒಳಗಿನ ಸಾಮಗ್ರಿಯನ್ನು ಸರಿಸಿ, ಮೇಲಿನಿಂದ ಎತ್ತಬೇಕಾಗಿತ್ತು. ಟೈಗರ್ ಎಂಬ ಅದರ ದಾಯಾದಿಯಲ್ಲಿ ಗಾಲಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದುದರಿಂದ, ಒಳಗಿನ ಒಂದು ಗಾಲಿ ಹಾಳಾದರೆ ಹೊರಗಿನ ಹಲವನ್ನು ಬಿಚ್ಚದೆ ಗತಿಯಿರಲಿಲ್ಲ. ಮತ್ತೊಂದು ಮಾತು: ಕಾಳಗ ಮುಗಿದ ಮೇಲೆ ಬಯಲು ಯಾರ ವಶದಲ್ಲಿ ಉಳಿಯುವುದೋ ಅವರಿಗೆ ತಮ್ಮ ಮುರಿದ ಟ್ಯಾಂಕುಗಳು ಮರಳಿ ದೊರೆಯುತ್ತವೆ, ಹಿಮ್ಮೆಟ್ಟಿದವನಿಗೆ ಅರ್ಧ ದಿನದ ಕೆಲಸದಿಂದ ಸರಿಯಾಗಬಹುದಾಗಿದ್ದ ಟ್ಯಾಂಕೂ ನಷ್ಟವೇ. ಗೆಲವು ಸೋಲುಗಳ ಈ ಲೆಕ್ಕವು ಬಾವುಟ ಹಿಡಿದ ಬೊಂಬೆಯಿಂದ ತಿಳಿಯುವಂತಹುದಲ್ಲ; ಸ್ಪ್ಯಾನರು ಹಿಡಿದ ಬೊಂಬೆಯಿಂದ ತಿಳಿಯುತ್ತದೆ.

ದೂರದ ಉದಾಹರಣೆಗಳಿಂದ ನಮ್ಮ ದೇಶದ ಉದಾಹರಣೆಗೆ ಬರೋಣ. 1948ರಲ್ಲಿ ಲಡಾಖಿನ ದಾರಿಯನ್ನು ಕಾಯುವ ಜೋಜಿ ಲಾ ಕಣಿವೆಮಾರ್ಗವು ಶತ್ರುವಿನ ಕೈಸೇರಿತ್ತು. ಸಮುದ್ರಮಟ್ಟದಿಂದ ಸುಮಾರು 3,530 ಮೀಟರ್ ಎತ್ತರದ ಆ ಇಕ್ಕಟ್ಟನ್ನು ಕಾಲಾಳುಗಳಿಂದಲೇ ಬಿಡಿಸಿಕೊಳ್ಳಲು ಸೆಪ್ಟೆಂಬರಿನಲ್ಲಿ ಮಾಡಿದ ಪ್ರಯತ್ನ ಫಲಿಸಲಿಲ್ಲ. ಆಗ ಆ ವಿಭಾಗದ ಸೇನಾನಿಯಾಗಿದ್ದ ಮೇಜರ್ ಜನರಲ್ ತಿಮ್ಮಯ್ಯನವರು, ನಮ್ಮ ಕೊಡಗಿನ ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದವರು, ಅಲ್ಲಿಗೆ ಟ್ಯಾಂಕುಗಳನ್ನು ಏರಿಸುವ ನಿರ್ಧಾರ ಮಾಡಿದರು. ಏಳನೆಯ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೂ ಅಲ್ಲಿಂದ ಕಣಿವೆಯ ಬುಡದ ಬಾಲ್ತಾಲಿಗೂ ತರಬೇಕಾಗಿತ್ತು. ಸೇತುವೆಗಳು ದುರ್ಬಲವಾಗಿದ್ದುವು, ಸುದ್ದಿ ಹೊರಬಿದ್ದರೆ ಕೆಲಸ ಕೆಡುತ್ತಿತ್ತು. ಆದಕಾರಣ ಟ್ಯಾಂಕುಗಳ ತಿರುಗುಗೋಪುರಗಳನ್ನು ಕಳಚಿ, ಒಡಲನ್ನೂ ಗೋಪುರವನ್ನೂ ಬೇರೆಬೇರೆಯಾಗಿ, ಮರೆಮಾಡಿ ಸಾಗಿಸಿದರು. ಮುಂದೆ ಮತ್ತೆ ಜೋಡಿಸಿದರು. ಹೇಸರಗತ್ತೆಗಳು ನಡೆಯುವ ಹಾದಿಯನ್ನು ಟ್ಯಾಂಕು ಹತ್ತುವ ದಾರಿಯನ್ನಾಗಿ ಅಗಲಿಸಿದವರು ಬೆಂಗಳೂರನ್ನೇ ತಮ್ಮ ನೆಲೆಯಾಗಿ ಮಾಡಿಕೊಂಡ ಮದ್ರಾಸ್ ಸ್ಯಾಪರ್ಸ್ ಪಡೆಯವರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಯೊಳಕ್ಕೆ ನುಗ್ಗಿದಾಗ ಎದುರಾಳಿಗಳು ಅದನ್ನು ಕನಸಿನಲ್ಲಿಯೂ ನಿರೀಕ್ಷಿಸಿರಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್ ಮತ್ತು ಕಾರ್ಗಿಲುಗಳು ಬಿಡುಗಡೆ ಹೊಂದಿ ಲೇಹ್ ಪಟ್ಟಣದ ದಾರಿ ತೆರೆಯಿತು.

ಈ ವೃತ್ತಾಂತದಲ್ಲಿ ನುಗ್ಗಿದ ಗಳಿಗೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದುದೇ. ಆದರೆ ಕಳಚಿದ ಗೋಪುರವನ್ನು ಯಾರೋ ಕೆಲವರು ಆ ಚಳಿಯಲ್ಲಿ ಎತ್ತಿ, ಅದರ ಬಳೆಯಂತಹ ಪೀಠದ ಮೇಲೆ ಕೂದಲೆಳೆಯಷ್ಟೂ ಓರೆಯಾಗದಂತೆ ಇಳಿಸಿ, ಬೋಲ್ಟು ಬಿಗಿದು, ಕೈಯಿಂದ ತಿರುಗಿಸಿ ನೋಡಿ, ಸರಿಯಿದೆ ಎಂದು ಹೇಳಿದ ಗಳಿಗೆಯೊಂದಿತ್ತಲ್ಲವೆ? ಆ ಗಳಿಗೆಯಿಲ್ಲದೆ ನವೆಂಬರ್ 1 ಇಲ್ಲ. ನಮ್ಮ ಪ್ರತಿಕೃತಿಗೆ ಅದೇ ವಿಷಯವಾಗಲಿ. ಕಳಚಿ ಜೋಡಿಸುವುದು ದುರಸ್ತಿಯಲ್ಲವೆಂದು ಯಾರಾದರೂ ತರ್ಕ ಹೂಡಿದರೆ, ಉಪಕರಣಗಳು ಅವೇ, ಕೈಗಳು ಅವೇ, ಕೆಸರೂ ಅದೇ ಎಂದು ಉತ್ತರ ಹೇಳುವೆವು. ಬಾವಿಯ ರಾಟೆಯನ್ನು ಇಳಿಸಿ ಏರಿಸಿದ ಹಳ್ಳಿಗನೂ ಈ ತರ್ಕವನ್ನು ಒಪ್ಪಲಾರನು.

ಇಂತಹ ದೃಶ್ಯವನ್ನು ಯೋಜಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಬಣ್ಣ, ಯಾವ ಕಂಪನಿಯ ಪೆಟ್ಟಿಗೆ ಎಂಬುದಲ್ಲ. ಇಲ್ಲಿ ಏನಾಗಿದೆ, ಏನಾಗುತ್ತಿದೆ, ಮುಂದಿನ ಐದು ನಿಮಿಷದಲ್ಲಿ ಏನಾಗಲಿದೆ ಎಂಬ ಮೂರು ಮಾತುಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಬೇಕು. ಗೋಪುರ ಕೆಳಗಿತ್ತು, ಈಗ ತೂಗುತ್ತಿದೆ, ಇನ್ನೇನು ಪೀಠವನ್ನು ಮುಟ್ಟಲಿದೆ. ಇಷ್ಟು ಸ್ಥಿರವಾದರೆ ಪ್ರತಿಯೊಂದು ವಸ್ತುವಿಗೂ ಸ್ಥಾನ ತಾನಾಗಿಯೇ ದೊರೆಯುತ್ತದೆ. ಸ್ಥಾನ ದೊರೆಯದ ವಸ್ತು ಎಷ್ಟೇ ಸುಂದರವಾಗಿದ್ದರೂ ಹೊರಗುಳಿಯುತ್ತದೆ. ಒಂದೇ ಹಲಗೆಯ ಮೇಲೆ ಗೋಪುರವನ್ನೂ ಎತ್ತಿಸಿ, ಎಂಜಿನನ್ನೂ ಬಿಚ್ಚಿಸಿ, ಸರಪಳಿಯನ್ನೂ ಕಳಚಿಸಿ, ಮೂಲೆಯಲ್ಲಿ ಅಡಿಗೆಯನ್ನೂ ಮಾಡಿಸುವವರುಂಟು. ಅದು ದೃಶ್ಯವಲ್ಲ, ಗುಜರಿ. ಒಂದು ಟ್ಯಾಂಕು, ಒಂದು ಕೆಲಸ, ಒಂದು ಗಳಿಗೆ ಎಂಬ ಮಿತಿಯನ್ನು ಮೀರಬಾರದು.

ಅನಂತರ ಗಣಿತ. ಸ್ಟುವರ್ಟ್ ಟ್ಯಾಂಕಿನ ಉದ್ದ ಮಾದರಿಗೆ ತಕ್ಕಂತೆ ಸ್ವಲ್ಪ ವ್ಯತ್ಯಾಸವಾಗುವುದಾದರೂ, ದೊಡ್ಡದು ಸುಮಾರು 4.8 ಮೀಟರ್; ಅಗಲ ಸುಮಾರು 2.25 ಮೀಟರ್. ಮೂವತ್ತೈದರಲ್ಲೊಂದು ಪ್ರಮಾಣದಲ್ಲಿ ಅದು ಸುಮಾರು 14 ಸೆಂಟಿಮೀಟರ್ ಉದ್ದ, ಆರೂವರೆ ಸೆಂಟಿಮೀಟರ್ ಅಗಲದ ವಸ್ತುವಾಗುತ್ತದೆ. ಸಾಧಾರಣ ಎತ್ತರದ ಸಿಪಾಯಿ 5 ಸೆಂಟಿಮೀಟರ್ ಆಗುತ್ತಾನೆ. ಹಾಗಾದರೆ ಬೆಟ್ಟ? ಬುಡದಿಂದ 300 ಮೀಟರ್ ಏರಿದ ಒಂದು ಗೋಡೆಯಂತಹ ಬೆಟ್ಟವನ್ನು ಅದೇ ಪ್ರಮಾಣದಲ್ಲಿ ಕಟ್ಟಿದರೆ ಎಂಟೂವರೆ ಮೀಟರ್ ಎತ್ತರ ಬೇಕು. ಕಣಿವೆಯ ಪೂರ್ತಿ ಎತ್ತರವನ್ನು ಸಮುದ್ರಮಟ್ಟದಿಂದ ತೋರಿಸಹೊರಟರೆ ನೂರು ಮೀಟರಿನ ಕಂಬ ಬೇಕಾಗುತ್ತದೆ! ಆದಕಾರಣ ಹಿಮಾಲಯವನ್ನು ಕಟ್ಟುವ ದುರಾಶೆಯನ್ನು ಬಿಡಬೇಕು. ಒಂದು ಬದಿಗೆ ವಾಲಿದ ನೆಲ, ಒಂದು ಒಡೆದ ಬಂಡೆ, ಅದರ ನೆರಳಿನಲ್ಲಿ ಕರಗದೆ ಉಳಿದ ಹಿಮದ ಪಟ್ಟೆ, ಇಷ್ಟು ಸಾಕು. ಉಳಿದುದನ್ನು ನೋಡುವವರ ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಹಲಗೆಯು 30 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲವಿದ್ದರೆ ಧಾರಾಳ. ಟ್ಯಾಂಕನ್ನು ಹಲಗೆಯ ಅಂಚಿಗೆ ಸಮಾನವಾಗಿ ನಿಲ್ಲಿಸದೆ ಓರೆಯಾಗಿ ನಿಲ್ಲಿಸಿದರೆ ಕವಾಯತಿನ ಬಿಗಿತ ಹೋಗಿ ಜೀವ ಬರುತ್ತದೆ.

ಮೂರನೆಯದು ಭಾರ. ಪ್ಲಾಸ್ಟಿಕಿಗೆ ಭಾರವಿಲ್ಲ, ಆದರೆ ಕಣ್ಣಿಗೆ ಭಾರ ಕಾಣಬೇಕು. ಈ ಒಂದು ವಿಷಯದಲ್ಲಿ ಸೋಲುವ ಪ್ರತಿಕೃತಿಗಳಿಗೆ ಲೆಕ್ಕವಿಲ್ಲ. ಟನ್ನುಗಟ್ಟಲೆ ಉಕ್ಕನ್ನು ಹೊತ್ತ ಸರಪಳಿಯು ತಂತಿಯಂತೆ ಸೆಟೆದು, ನೆಲಕ್ಕೆ ನೇರ ಲಂಬವಾಗಿರಬೇಕು; ದಾರದಂತೆ ಜೋತುಬಿದ್ದರೆ ನೋಡುವವನು ನಗುತ್ತಾನೆ. ಎತ್ತುವ ಚೌಕಟ್ಟಿನ ಕಾಲುಗಳ ಕೆಳಗೆ ಮರದ ದಿಮ್ಮಿಗಳಿರಬೇಕು, ಆ ದಿಮ್ಮಿಗಳು ಮಣ್ಣಿನೊಳಕ್ಕೆ ಕೊಂಚ ಇಳಿದಿರಬೇಕು. ಗೋಪುರವಿಲ್ಲದ ಒಡಲು ಸ್ಪ್ರಿಂಗುಗಳ ಮೇಲೆ ಕೂದಲಷ್ಟು ಮೇಲೆದ್ದಿರಬೇಕು. ಇನ್ನೊಂದು ಸೂಕ್ಷ್ಮವುಂಟು. ನೆಲದಲ್ಲಿ ನಿಂತ ಚೌಕಟ್ಟಿಗೆ ಚೈನ್ ಪುಲ್ಲಿ ಕಟ್ಟಿ ಎತ್ತುವುದಾದರೆ, ತೂಗುವ ವಸ್ತುವನ್ನು ಪಕ್ಕಕ್ಕೆ ಒಯ್ಯಲಾಗುವುದಿಲ್ಲ. ಮೇಲಕ್ಕೆ, ಕೆಳಕ್ಕೆ ಮಾತ್ರ. ಆದುದರಿಂದ ಗೋಪುರವನ್ನು ಮೇಲೆ ಹಿಡಿದಿಟ್ಟು, ಒಡಲನ್ನೇ ಅದರ ಕೆಳಕ್ಕೆ ನಡೆಸಿ ತರಬೇಕಾಗುತ್ತದೆ. ಹಾಗಿದ್ದಲ್ಲಿ ನೆಲದ ಮೇಲೆ ಸರಪಳಿಪಟ್ಟಿಯ ಗುರುತುಗಳು ಚೌಕಟ್ಟಿನ ನಡುವೆ ನೇರವಾಗಿ ಸಾಗಿರಬೇಕು. ಚೌಕಟ್ಟಿನ ಕಾಲುಗಳ ನಡುವೆ ಟ್ಯಾಂಕು ಹಾಯುವಷ್ಟು ಅಂತರವಿರಬೇಕು. ಐದು ಮೀಟರಿನ ಚೌಕಟ್ಟು ಪ್ರತಿಕೃತಿಯಲ್ಲಿ 14 ಸೆಂಟಿಮೀಟರ್ ಎತ್ತರವಾಗುತ್ತದೆ, ಎಂದರೆ ಟ್ಯಾಂಕಿನ ಉದ್ದದಷ್ಟೇ. ಕ್ರೇನಿರುವ ಲಾರಿಯಿಂದ ಎತ್ತುವುದಾದರೆ ನಿಯಮ ಬೇರೆ. ಆಗ ಲಾರಿಗೂ ಹಲಗೆಯ ಮೇಲೆ ಜಾಗ ಬೇಕು. ಆ ದಿನಗಳ ಛಾಯಾಚಿತ್ರವು ಯಾವುದನ್ನು ತೋರಿಸುತ್ತದೆಯೋ ಅದನ್ನು ಅನುಸರಿಸಬೇಕು. ಚಿತ್ರ ದೊರೆಯದಿದ್ದರೆ ಒಂದು ವಿಧಾನವನ್ನು ಆರಿಸಿ, ಅದರ ನಿಯಮವನ್ನು ಕಡೆಯವರೆಗೆ ಪಾಲಿಸಬೇಕು.

ನಾಲ್ಕನೆಯದು ತೆರೆದ ಒಡಲು. ಗೋಪುರ ಮೇಲಕ್ಕೆದ್ದೊಡನೆ ನೋಡುವವರ ದೃಷ್ಟಿಯು ಆ ದುಂಡನೆಯ ರಂಧ್ರದೊಳಕ್ಕೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳಲ್ಲಿ ಒಳಗಿನ ಸಾಮಗ್ರಿ ಅನೇಕ ವೇಳೆ ಇರುವುದಿಲ್ಲ; ಈ ಸತ್ಯವು ಎಲ್ಲವನ್ನೂ ಅಂಟಿಸಿದ ಮೇಲೆ ತಿಳಿದರೆ ಪ್ರಯೋಜನವೇನು? ಚಾಲಕರ ಆಸನಗಳು, ಗುಂಡುಗಳ ಗೂಡುಗಳು, ಹಿಂದಿನ ಎಂಜಿನಿನಿಂದ ಮುಂದಿನ ಗೇರುಪೆಟ್ಟಿಗೆಗೆ ನಡುವೆ ಹಾಯುವ ದಂಡ, ಇವುಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮೊದಲೇ ಮಾಡಿಟ್ಟುಕೊಳ್ಳಬೇಕು. ಅಮೆರಿಕದ ಟ್ಯಾಂಕುಗಳ ಒಳಭಾಗಕ್ಕೆ ಬಿಳಿಯ ಬಣ್ಣ ಬಳಿಯುತ್ತಿದ್ದರೆಂಬುದನ್ನು ಮರೆಯಬಾರದು. ಹಸುರು ಒಡಲಿನೊಳಗೆ ಕಾಣುವ ಆ ಮಸುಕು ಬಿಳುಪೇ ದೃಶ್ಯದ ಕೇಂದ್ರವಾಗಬಲ್ಲುದು. ಸ್ಟುವರ್ಟಿನಲ್ಲಿಯೂ ಎರಡು ಬಗೆಗಳುಂಟು. ಹಿಂದಿನ ಬಗೆಯಲ್ಲಿ ವಿಮಾನದಿಂದ ಎರವು ತಂದ ಏಳು ಸಿಲಿಂಡರಿನ ಚಕ್ರಾಕಾರದ ಎಂಜಿನು. ಮುಂದಿನದರಲ್ಲಿ ಜೋಡಿ ಕ್ಯಾಡಿಲ್ಯಾಕ್ ಮೋಟಾರುಗಳು, ಅವುಗಳಿಗಾಗಿ ಎತ್ತರಿಸಿದ ಹಿಂಭಾಗದ ಮುಚ್ಚಿಗೆ. ಯಾವುದೆಂದು ಛಾಯಾಚಿತ್ರಗಳಿಂದ ನಿಶ್ಚಯಿಸಿಕೊಂಡು ಪೆಟ್ಟಿಗೆಯನ್ನು ಕೊಳ್ಳಬೇಕೇ ಹೊರತು, ಕೊಂಡ ಪೆಟ್ಟಿಗೆಗೆ ತಕ್ಕಂತೆ ಚರಿತ್ರೆಯನ್ನು ತಿದ್ದಬಾರದು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಮನುಷ್ಯರು. ನಾಲ್ಕು ಜನ ಸಾಕು, ಐವರು ಹೆಚ್ಚು. ಸರಪಳಿಯನ್ನು ಎಳೆಯುವವನೊಬ್ಬ, ಗೋಪುರದ ಅಂಚಿಗೆ ಎರಡು ಅಂಗೈಗಳನ್ನೊತ್ತಿ ಅದು ತಿರುಗದಂತೆ ಹಿಡಿದವನೊಬ್ಬ, ಒಡಲಿನ ಮೇಲೆ ಮಂಡಿಯೂರಿ, ಕೆನ್ನೆಯನ್ನು ಉಕ್ಕಿಗೆ ತಾಗಿಸಿ, ಪೀಠಕ್ಕೂ ಗೋಪುರಕ್ಕೂ ನಡುವಿನ ಅಂತರವನ್ನು ನೋಡುತ್ತ ಒಂದು ಕೈಯನ್ನು ಮೇಲೆತ್ತಿದವನೊಬ್ಬ. ಈ ಮೂರನೆಯವನೇ ನಾಯಕ. ಅವನ ಭುಜದಲ್ಲಿ ಪಟ್ಟಿಗಳಿರಲಿ ಇಲ್ಲದಿರಲಿ, ಆ ಗಳಿಗೆಯಲ್ಲಿ ಮೇಜರನೂ ಅವನ ಕೈಯನ್ನೇ ನೋಡಬೇಕು. ಉಳಿದವನು ದೂರದಲ್ಲಿ ಬೋಲ್ಟುಗಳನ್ನು ಕಾಯುತ್ತಿರಲಿ. ಬಿಚ್ಚಿದ ಬೋಲ್ಟುಗಳನ್ನು ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಡುವುದು ಒಳ್ಳೆಯ ಕೆಲಸಗಾರನ ಲಕ್ಷಣ. ಚೆಲ್ಲಾಪಿಲ್ಲಿಯಾಗಿ ಎಸೆದ ಉಪಕರಣಗಳಿಂದ ಶ್ರಮವನ್ನು ಸೂಚಿಸಬಹುದೆಂದು ತಿಳಿದವರು ಕೆಲಸಗಾರರನ್ನು ಕಂಡವರಲ್ಲ. ಅಂಗಡಿಯಲ್ಲಿ ದೊರೆಯುವ ಬೊಂಬೆಗಳು ಬಹುಮಟ್ಟಿಗೆ ಅಮೆರಿಕದ, ಜರ್ಮನಿಯ ಸಿಪಾಯಿಗಳವು. ಅವುಗಳ ತಲೆ, ಟೋಪಿ, ಮೇಲಂಗಿಗಳನ್ನು ಬದಲಾಯಿಸದೆ ಜೋಜಿ ಲಾದಲ್ಲಿ ನಿಲ್ಲಿಸಿದರೆ ಅದು ನಮ್ಮವರಿಗೆ ಮಾಡಿದ ಅಪಚಾರ. 1948ರ ನಮ್ಮ ಸೇನೆಯು ಉಣ್ಣೆಯ ಸಮವಸ್ತ್ರಗಳಲ್ಲಿಯೂ ಸಾಮಗ್ರಿಗಳಲ್ಲಿಯೂ ಹಿಂದಿನ ಆಳ್ವಿಕೆಯಿಂದ ಬಂದುದನ್ನೇ ಬಳಸುತ್ತಿತ್ತು. ಅಶೋಕಸ್ತಂಭದ ಲಾಂಛನವನ್ನು ರಾಷ್ಟ್ರವು ವಿಧಿವತ್ತಾಗಿ ಸ್ವೀಕರಿಸಿದ್ದು 1950ರ ಜನವರಿ 26ರಂದು. ಆದಕಾರಣ ಉತ್ಸಾಹದಿಂದ ಇಂದಿನ ಚಿಹ್ನೆಗಳನ್ನು ಅಂದಿನವರ ಭುಜಗಳಿಗೆ ಹಚ್ಚಬಾರದು.

ಕೊಳೆಗೂ ಒಂದು ನ್ಯಾಯವಿದೆ. ಗೋಪುರವನ್ನು ಹಿಡಿದ ಕೈಗಳು ಉಜ್ಜಿದೆಡೆ ಬಣ್ಣ ಸವೆದಿರುತ್ತದೆ. ಬೂಟುಗಾಲು ಇಟ್ಟೆಡೆ ಕೆಸರು. ಗ್ರೀಸು ತುಂಬುವ ಬಾಯಿಗಳ ಸುತ್ತ ಧೂಳು ಹಿಡಿದ ಕಪ್ಪು ಜಿಡ್ಡು. ಇವುಗಳನ್ನು ಬಿಟ್ಟು ಟ್ಯಾಂಕಿನ ಮೈಯೆಲ್ಲ ತುಕ್ಕಿನ ಬಣ್ಣ ಎರಚಿದರೆ, ಅದು ದುರಸ್ತಿಗೊಳ್ಳುವ ಯಂತ್ರವಾಗದೆ ತೋಟದಲ್ಲಿ ಬಿಸುಟ ಯಂತ್ರವಾಗುತ್ತದೆ. ಹಿಮಕ್ಕೆ ಅಡಿಗೆಮನೆಯ ಸೋಡಾ ಪುಡಿಯನ್ನು ಬಳಸುವವರು ಅದು ಕಾಲಾಂತರದಲ್ಲಿ ಹಳದಿಗೆ ತಿರುಗುವುದನ್ನು ಅರಿತಿರಬೇಕು. ನುಣ್ಣಗೆ ಅರೆದ ಅಮೃತಶಿಲೆಯ ಪುಡಿ ಅದಕ್ಕಿಂತ ಲೇಸು. ಹಿಮವು ಎಲ್ಲೆಡೆ ಸಮವಾಗಿ ಕೂರುವುದಿಲ್ಲ. ಜನ ಓಡಾಡುವಲ್ಲಿ ಅದು ಕೆಸರಾಗುತ್ತದೆ, ಬಿಸಿ ಎಂಜಿನಿನ ಮೇಲೆ ನೀರಾಗುತ್ತದೆ.

ಇಷ್ಟೆಲ್ಲ ನಿಶ್ಚಯವಾದ ಮೇಲೆ ಹಲಗೆಯ ನಿಜವಾದ ಅಳತೆಯ ಕಾಗದದ ಮೇಲೆ ಪ್ರತಿಯೊಂದರ ಸ್ಥಾನವನ್ನೂ ಗೆರೆಯೆಳೆದು ಗುರುತಿಸಬೇಕು. ರಟ್ಟಿನಿಂದ ಟ್ಯಾಂಕಿನ, ಚೌಕಟ್ಟಿನ, ಬಂಡೆಯ ಒರಟು ಆಕಾರಗಳನ್ನು ಕತ್ತರಿಸಿ ನಿಲ್ಲಿಸಬೇಕು. ಅದನ್ನು ಮೇಲಿನಿಂದ ನೋಡುವುದಲ್ಲ. ಸಂಗ್ರಹಾಲಯದಲ್ಲಿ ನಿಂತ ಹತ್ತು ವರುಷದ ಹುಡುಗನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು. ಮೂರನೆಯವನ ಎತ್ತಿದ ಕೈ ಚೌಕಟ್ಟಿನ ಕಾಲಿನಿಂದ ಮರೆಯಾಗುವುದಾದರೆ ಇಂದೇ ಸರಿಸಬಹುದು. ಅಂಟು ಒಣಗಿದ ಮೇಲೆ ಸರಿಸಲಾಗದು. ಒಂದು ವಾರ ಹಾಗೆಯೇ ಇರಲಿ. ಬಂದವರೆಲ್ಲ ನೋಡಿ ಏನು ನಡೆಯುತ್ತಿದೆಯೆಂದು ಹೇಳಲಿ. ನಾವು ಹೇಳದೆಯೇ ಅವರು ಸರಿಯಾಗಿ ಹೇಳಿದರೆ ಯೋಜನೆ ಗೆದ್ದಿತು.

ಸಾರ್ವಜನಿಕ ಸ್ಥಳದಲ್ಲಿ ಇಡುವ ಪ್ರತಿಕೃತಿಯು ಒಂದು ದಸ್ತಾವೇಜು. ಕಚೇರಿಯ ಕಾಗದದಲ್ಲಿ ಸುಳ್ಳು ಬರೆದ ಗುಮಾಸ್ತನಿಗೆ ಶಿಕ್ಷೆಯಿದೆ. ಗಾಜಿನ ಪೆಟ್ಟಿಗೆಯಲ್ಲಿ ಸುಳ್ಳು ಕಟ್ಟಿದವನಿಗೆ ಹಾರ ಹಾಕುತ್ತೇವೆ. ಆದುದರಿಂದ ಪೆಟ್ಟಿಗೆಯ ಕೆಳಗಿನ ಫಲಕದಲ್ಲಿ ಎರಡು ಭಾಗಗಳಿರಲಿ ಎಂಬುದು ನಮ್ಮ ಸಲಹೆ: ದಾಖಲೆಯಿಂದ ತಿಳಿದುದು ಇಷ್ಟು, ಕಟ್ಟಿದವರು ಊಹಿಸಿದುದು ಇಷ್ಟು. ಗೋಪುರಗಳನ್ನು ಕಳಚಿ ಸಾಗಿಸಿದುದು ದಾಖಲೆ. ಮಂಡಿಯೂರಿದವನ ಮುಖ ಊಹೆ. ಹೀಗೆ ಹೇಳಿದರೆ ಪ್ರತಿಕೃತಿಯ ಗೌರವ ಕುಗ್ಗುವುದಿಲ್ಲ. ಚರಿತ್ರೆಯನ್ನು ಹೇಗೆ ಓದಬೇಕೆಂಬ ಪಾಠವೂ ಹುಡುಗರಿಗೆ ಪುಕ್ಕಟೆಯಾಗಿ ದೊರೆಯುತ್ತದೆ.

ಇದಕ್ಕೆ ಆಕ್ಷೇಪಗಳು ಬರಬಹುದು. ಎಳೆಯರ ಕೈಗೆ ಯುದ್ಧದ ಆಟಿಕೆಗಳನ್ನು ಕೊಡುವುದೇ ತಪ್ಪೆಂದು ಶಾಂತಿಪ್ರಿಯರಾದ ಕೆಲವು ಮಹನೀಯರು ಹೇಳುವರು. ಅವರ ಭಯ ನಿರಾಧಾರವಲ್ಲ. ಗುಂಡು ಹಾರಿಸುವ ಟ್ಯಾಂಕು ಬಾಲಕನಿಗೆ ಯುದ್ಧವು ಸುಲಭವೆಂದು ಕಲಿಸುತ್ತದೆ. ಆದರೆ ಕಳಚಿದ ಟ್ಯಾಂಕು ಕಲಿಸುವುದು ಬೇರೆ: ಉಕ್ಕೂ ಆಯಾಸಗೊಳ್ಳುತ್ತದೆ, ಬೆರಳುಗಳು ಚಳಿಗೆ ಮರಗಟ್ಟುತ್ತವೆ, ಒಂದು ಬೋಲ್ಟು ಕಳೆದರೆ ಒಂದು ಪಡೆ ಕಾಯಬೇಕಾಗುತ್ತದೆ. ಯುದ್ಧದ ಬೆಲೆಯನ್ನು ರಕ್ತ ಚೆಲ್ಲದೆ ಎಳೆಯರಿಗೆ ತಿಳಿಸಲು ಇದಕ್ಕಿಂತ ಸೌಮ್ಯವಾದ ಉಪಾಯವನ್ನು ನಾವು ಕಾಣೆವು. ಇದು ಹಣವಂತರ ಹವ್ಯಾಸವೆಂಬುದು ಎರಡನೆಯ ಆಕ್ಷೇಪ. ಹೊರದೇಶದ ಪೆಟ್ಟಿಗೆಗಳ ಬೆಲೆ ಹೆಚ್ಚೆಂಬುದು ನಿಜ. ಆದರೆ ಒಂದು ಪೆಟ್ಟಿಗೆಯನ್ನು ಒಂದು ಶಾಲೆಯ ಹತ್ತು ಹುಡುಗರು ಹಂಚಿಕೊಳ್ಳಬಹುದು; ನೆಲ, ಬಂಡೆ, ದಿಮ್ಮಿ, ಟಾರ್ಪಾಲುಗಳಿಗೆ ಬೇಕಾದುದು ಮನೆಯ ಹಿತ್ತಲಲ್ಲಿಯೇ ಇದೆ. ಯೋಜನೆಗೆ ಬೇಕಾದುದು ಕಾಗದ, ಸೀಸದ ಕಡ್ಡಿ, ತಾಳ್ಮೆ. ಗುತ್ತಿಗೆದಾರನಿಂದ ಸಿಮೆಂಟಿನ ಟ್ಯಾಂಕು ಕಟ್ಟಿಸಿ ವೃತ್ತದಲ್ಲಿ ನಿಲ್ಲಿಸುವುದಕ್ಕಿಂತ ಇದಕ್ಕೆ ತಗಲುವ ವೆಚ್ಚ ಎಷ್ಟೋ ಕಡಮೆ, ಕಲಿಯುವುದು ಎಷ್ಟೋ ಹೆಚ್ಚು.

ಗೆದ್ದುದನ್ನು ಮೆರೆಯುವುದು ಜನಗಳ ಸ್ವಭಾವ. 1965ರಲ್ಲಿ ಅಸಲ್ ಉತ್ತರ್ ಕಾಳಗವಾದ ಮೇಲೆ ವಶಪಡಿಸಿಕೊಂಡ ಪ್ಯಾಟನ್ ಟ್ಯಾಂಕುಗಳನ್ನು ಭಿಖಿವಿಂಡಿನ ಬಳಿ ಒಂದೆಡೆ ಕಲೆಹಾಕಿದಾಗ ಆ ಸ್ಥಳಕ್ಕೆ ಪ್ಯಾಟನ್ ನಗರವೆಂದೇ ಹೆಸರಾಯಿತು. ಜನರು ನೋಡಿ ಹಿಗ್ಗಿದರು. ಅದನ್ನು ನಾವು ಜರಿಯುವುದಿಲ್ಲ. ಆದರೆ ಶತ್ರುವಿನ ಕೆಟ್ಟ ಟ್ಯಾಂಕನ್ನು ಪೀಠದ ಮೇಲಿಟ್ಟು ತೋರಿಸುವ ನಾವು, ನಮ್ಮ ಕೆಟ್ಟ ಟ್ಯಾಂಕನ್ನು ಎಬ್ಬಿಸಿ ನಿಲ್ಲಿಸಿದವರನ್ನೂ ಒಂದು ಪುಟ್ಟ ಪೆಟ್ಟಿಗೆಯಲ್ಲಾದರೂ ತೋರಿಸಬೇಡವೆ? ಸೇನೆಯ ಯಾಂತ್ರಿಕ ದಳದವರು 1943ರ ಅಕ್ಟೋಬರ್ 15ನ್ನು ತಮ್ಮ ಸ್ಥಾಪನೆಯ ದಿನವಾಗಿ ಇಂದಿಗೂ ಆಚರಿಸುತ್ತಾರೆ. ಕರ್ಮವೇ ಧರ್ಮವೆಂಬುದು ಅವರ ಧ್ಯೇಯವಾಕ್ಯ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿದ ಮನೆಯು 2021ರಲ್ಲಿ ಸ್ಮಾರಕ ಸಂಗ್ರಹಾಲಯವಾಗಿ ಜನರಿಗೆ ತೆರೆದಿದೆ. ಜೋಜಿ ಲಾದ ಸೇನಾನಿಯ ಮನೆಗೆ ಕೊಡಗಿನ ಹುಡುಗರೋ ಬೆಂಗಳೂರಿನ ಹುಡುಗರೋ ತಮ್ಮ ಕೈಯಾರೆ ಮಾಡಿ ಒಪ್ಪಿಸಬಹುದಾದ ಕಾಣಿಕೆಗಳಲ್ಲಿ, ಗೋಪುರ ತೂಗುತ್ತಿರುವ ಆ ಸ್ಟುವರ್ಟಿಗಿಂತ ಉಚಿತವಾದುದು ಬೇರೊಂದಿಲ್ಲ.

ಆಯುಧಪೂಜೆಯ ದಿನ ನಮ್ಮ ಜನರು ಕತ್ತಿಗೆ ಹೇಗೋ ಹಾಗೆಯೇ ಸುತ್ತಿಗೆಗೂ ಕುಂಕುಮವಿಡುತ್ತಾರೆ. ಕಾರ್ಖಾನೆಯ ಜಾಕಿಗೂ ಸ್ಪ್ಯಾನರಿಗೂ ಹೂ ಮುಡಿಸುತ್ತಾರೆ. ಎರಡರಲ್ಲಿ ಮೇಲುಕೀಳೆಂಬುದನ್ನು ನಮ್ಮ ಹಿರಿಯರು ಎಣಿಸಲಿಲ್ಲ. ಆ ವಿವೇಕವು ವರ್ಷಕ್ಕೊಂದು ದಿನದ ಪೂಜೆಗೆ ಮಾತ್ರ ಮೀಸಲಾಗದೆ, ನಾವು ಮಕ್ಕಳಿಗೆ ಕಟ್ಟಿ ತೋರಿಸುವ ಚರ್ಿತ್ರೆಯಲ್ಲಿಯೂ ಕಾಣಿಸಿಕೊಳ್ಳಲಿ. ಶಾಲೆಗಳ ಆಡಳಿತಗಾರರೂ ಸಂಗ್ರಹಾಲಯಗಳ ಅಧಿಕಾರಿಗಳೂ ಮುಂದಿನ ಪ್ರತಿಕೃತಿಗೆ ಹಣ ಮಂಜೂರು ಮಾಡುವುದಕ್ಕೆ ಮೊದಲು ಅದರ ಯೋಜನೆಯ ಕಾಗದವನ್ನು ತರಿಸಿ ನೋಡಲಿ. ಅದರಲ್ಲಿ ಫಿರಂಗಿಯನ್ನು ಮಾತ್ರವಲ್ಲ, ಸ್ಪ್ಯಾನರು ಹಿಡಿದವನನ್ನೂ ಹುಡುಕಲಿ.